ಎಡಗೈ ತುತ್ತು

ಸಮಾಧಾನನ ಅಂಗಿಯ ಗುಂಡಿಯನ್ನು ನೀಲಮ ಹಾಕುವಾಗ ಅವನು ಉಸಿರು ಬಿಗಿ ಹಿಡಿಯುತ್ತಿದ್ದ. ಅವಳಿಗಿದ್ದದ್ದು ಬಲಗೈ ಒಂದೇ. ಎಡಗೈ ಮೊಣಕೈವರೆಗೆ ಬೆಲ್ಲದ ಗಾಣಕ್ಕೆ ಹೋಗಿತ್ತು. ಆ ಒಂದೇ ಕೈಯಲ್ಲಿ, ಅವಸರವಿಲ್ಲದೆ, ಮೇಲಿನಿಂದ ಕೆಳಗೆ ಒಂದೊಂದೇ ಗುಂಡಿ.

"ಹೆಬ್ಬಟ್ಟಲೆ ಒತ್ತಿ ಹಿಂಗ ಜಾರಸಬೇಕ್ರಿ. ಈಗ ನೀವ ಹಾಕ್ರಿ ನೋಡೂನು."

ಸಮಾಧಾನ ಎಡಗೈ ಎತ್ತುತ್ತಿದ್ದ, ತಡವರಿಸುತ್ತಿದ್ದ, ಸೋತವನಂತೆ ಕೈಬಿಡುತ್ತಿದ್ದ. "ಬರವಲ್ದು ಮೇಡಂ."

ಅದು ಹಸಿ ಸುಳ್ಳು. ಸಕ್ಕರೆ ಕಾರ್ಖಾನೆಯ ಬೆಲ್ಟಿಗೆ ಬಲಗೈ ಕೊಟ್ಟು ಕರೋಶಿಗೆ ಮರಳಿದವನು ಯುಗಾದಿಯ ಹೊತ್ತಿಗೇ ಗುಂಡಿ ಹಾಕಲು ಕಲಿತಿದ್ದ. ಆದರೆ ಚಿಕ್ಕೋಡಿಯ ಸಂಘದವರದೊಂದು ನಿಯಮ ಇತ್ತು. ಕೆಲಸದಲ್ಲಿ ಕೈಯೋ ಕಾಲೋ ಕಳೆದುಕೊಂಡವರ ಮನೆಗೆ, ಅದೇ ನೋವು ತಿಂದವರು ವಾರಕ್ಕೊಮ್ಮೆ ಹೋಗಿ ಜೊತೆಗೆ ಕೂರಬೇಕು, ಬದುಕನ್ನು ಮತ್ತೆ ಕಲಿಸಬೇಕು. ಅಂಗಿಯ ಗುಂಡಿ ತಾನೇ ಹಾಕಿಕೊಂಡವನಿಗೆ ಭೇಟಿ ಮುಗಿಯಿತು. ಆ ದಿನ ಇನ್ನೊಬ್ಬರ ಪಾಲಿಗೆ. ಹೀಗಾಗಿ ಪ್ರತಿ ಮಂಗಳವಾರ ಸಮಾಧಾನನ ಬೆರಳುಗಳು ಕಲಿತದ್ದನ್ನೆಲ್ಲ ಮರೆಯುತ್ತಿದ್ದವು.

"ನನ್ನ ಮಗನ ಕೈಗಿ ಮಂಗಳವಾರ ಒಂದ ಜಡ್ಡ ಬರ್ತೈತಿ" ಎಂದು ಅವನ ಅವ್ವ ಅಕ್ಕುತಾಯಿ ಒಲೆಯ ಮುಂದೆ ತನ್ನಷ್ಟಕ್ಕೆ ಗೊಣಗುತ್ತಿದ್ದಳು. ಮಗ ಕಣ್ಣು ಕೆಕ್ಕರಿಸಿದರೆ ಸುಮ್ಮನಾಗುತ್ತಿದ್ದಳು.

ಎಲ್ಲ ಸುಸೂತ್ರ ನಡೆದಿತ್ತು. ನಡುವೆ ಕುಡಚಿಯ ರೋಹನ ಬಂದ. ಮನೆಗಲ್ಲ, ನೀಲಮಳ ಬಾಯಿಗೆ. ಕಟ್ಟಿಗೆ ಕೊಯ್ಯುವ ಮಿಲ್ಲಿನಲ್ಲಿ ಬಲಗೈ ಹೋಗಿದ್ದ ಹುಡುಗನಂತೆ. ಅವನ ಮನೆಗೆ ಅವಳು ಶುಕ್ರವಾರ ಹೋಗುತ್ತಿದ್ದಳು, ಇಲ್ಲಿ ಬಂದು ಅವನ ಗುಣಗಾನ ಮಾಡುತ್ತಿದ್ದಳು.

"ರೋಹನ್ ಕಬಡ್ಡಿ ಆಡ್ತಿದ್ದನಂತ್ರಿ. ಎಷ್ಟ ಚಂದ ಕೂದಲಾ ಬಿಟ್ಟಾನ. ಆದ್ರ ಯಾರ ಮಾರಿನೂ ನೋಡೂದಿಲ್ಲ."

"ನಿಮ್ಮ ಮಾರಿ ನೋಡ್ತಾನೋ ಇಲ್ಲೋ?"

ನೀಲಮ ಓರೆಗಣ್ಣಿನಲ್ಲಿ ಅವನನ್ನು ಅಳೆದಳು. "ಅದನ್ನ ತಗೊಂಡ ನೀವೇನ ಮಾಡ್ತೀರಿ?"

"ಸುಮ್ಮ ಕೇಳಿದ್ನಿ."

ಅವಳ ಚೀಲದ ಡಬ್ಬಿಯಿಂದ ಶೇಂಗಾ ಹೋಳಿಗೆಯ ಘಮ ಬರುತ್ತಿತ್ತು. ಈಗ ತೆಗೆಯುತ್ತಾಳೆ, ಆಗ ತೆಗೆಯುತ್ತಾಳೆ ಎಂದು ಸಮಾಧಾನ ಕಾದ. ಅವಳು ಎದ್ದು ಚಪ್ಪಲಿ ಮೆಟ್ಟಿದಳು.

"ಅದು ರೋಹನ್‌ಗ್ರಿ, ಶುಕ್ರವಾರಕ್ಕ. ಬರೂವಾಗ ದಾರ್ಯಾಗ ಕೊಂಡೀನಿ. ಅವ ಏನೂ ಉಣವಲ್ಲ. ಮುಂದಿನ ಸಲ ನಿಮ್ಮ ಗುಂಡಿ ಆಗ್ಲೇಬೇಕ ನೋಡ್ರಿ. ನಿಮ್ಮದ ಆತಂದ್ರ ಈ ಮಂಗಳವಾರನೂ ಅವಗ ಕೊಡ್ತೀನಿ. ವಾರಕ್ಕೊಮ್ಮೆ ಸಾಲವಲ್ದು."

ಹೆಸರು ಸಮಾಧಾನ, ಹೊಟ್ಟೆಯಲ್ಲಿ ಮಾತ್ರ ಕೆಂಡ. ಉಪವಾಸ ಕೂತವರಿಗೆ ಹೋಳಿಗೆ ಸಿಗುವುದಾದರೆ ತಾನೂ ಕೂರಬಹುದಿತ್ತು ಎಂದುಕೊಂಡ. ಆ ಕೂದಲನ್ನು ಒಮ್ಮೆ ಕಣ್ಣಾರೆ ನೋಡದೆ ಅವನಿಗೆ ಅನ್ನ ಸೇರದು.

ಶುಕ್ರವಾರ ಅವ್ವ ಕಬ್ಬಿನ ಗದ್ದೆಗೆ ಕಸ ತೆಗೆಯಲು ಹೋದದ್ದೇ ತಡ, ಅಂಗಿ ತೊಟ್ಟು ಬಸ್ಸು ಹತ್ತಿದ. ರಾಯಬಾಗದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದ. ಕುಡಚಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಮನೆ ಕೇಳಿಕೊಂಡು ಹೋದ. ಬಾಗಿಲು ತೆರೆದೇ ಇತ್ತು.

ಗೋಡೆಗೆ ಒರಗಿ ಕೂತ ಹುಡುಗನಿಗೆ ಕೂದಲು ಚೆನ್ನಾಗಿಯೇ ಇತ್ತು, ಹಾಳಾದ್ದು. ಅವನೆದುರು ನೀಲಮ. ಅವಳ ಬೆರಳಲ್ಲಿ ಹೋಳಿಗೆಯ ತುತ್ತು. ಆ ತುತ್ತು ಅವನ ತುಟಿಯ ಹತ್ತಿರ.

"ಒಂದ ತುತ್ತರೆ ತಗೋ" ಎನ್ನುತ್ತಿದ್ದಳು.

ತಗೋ. ಇಷ್ಟು ದಿನವಾದರೂ ಸಮಾಧಾನನಿಗೆ 'ತಗೋರಿ'ಯೇ. ಅವನಿಗೆ ಮೈಯೆಲ್ಲ ಉರಿಯಿತು.

ರೋಹನ ಮುಖ ತಿರುಗಿಸಿದ. "ಅಕ್ಕಾ, ನಿಮಗ ಉಣ್ಣೂ ಕೈ ಉಳದೈತಿ. ನನಗ ಉಳದದ್ದು ಎಡಗೈ. ಮಂದಿ ಮುಂದ ಎಡಗೈಲೆ ಹೆಂಗ ಉಣ್ಲಿ? ದಿನಾ ಅವ್ವನ ಕೈಲೆ ತುತ್ತ ಹಾಕಿಸ್ಕೊಳ್ಳೂಕಿಂತ ಹಸದ ಸತ್ರ ಬೇಸ."

ನೀಲಮಳ ಕೈ ತಗ್ಗಿತು. 'ಅಕ್ಕಾ' ಎಂದದ್ದು ಸಮಾಧಾನನ ಕಿವಿಗೆ ಬೀಳಲೇ ಇಲ್ಲ. ಅವನ ಕಣ್ಣಲ್ಲಿ ತುತ್ತು ಮಾತ್ರ ನಟ್ಟಿತ್ತು. ನೇರ ಒಳಗೆ ನಡೆದು ರೋಹನನ ಪಕ್ಕ ಕೂತುಬಿಟ್ಟ.

"ಅವ್ವಾರ, ನನಗೂ ಒಂದ ತಾಟ ಹಾಕ್ರಿ."

ರೋಹನನ ತಾಯಿ ಚಂದ್ರಮತಿ ಗಾಬರಿಯಲ್ಲೇ ರೊಟ್ಟಿ, ಕಡಲೆಹಿಟ್ಟಿನ ಝುಣಕ ತಂದಿಟ್ಟಳು. ಕೈ ಹೋದಾಗಿನಿಂದ ಸಮಾಧಾನ ಪರರ ಮುಂದೆ ಉಂಡವನಲ್ಲ. ಮನೆಯಲ್ಲೂ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದ. ಅಕ್ಕುತಾಯಿ ತಾಟು ಇಟ್ಟು ಹೊರಗೆ ಹೋಗುತ್ತಿದ್ದಳು. ಇವತ್ತು ಸಿಟ್ಟಿನಲ್ಲಿ ನಾಚಿಕೆಯೂ ಮರೆತುಹೋಗಿತ್ತು. ಅಂಗೈಯ ಬುಡದಿಂದ ರೊಟ್ಟಿಯನ್ನು ಒತ್ತಿ ಹಿಡಿದ, ಎರಡು ಬೆರಳಲ್ಲಿ ಮುರಿದ, ಝುಣಕ ಹಚ್ಚಿ ಬಾಯಿಗಿಟ್ಟ. ಎಡಗೈಯಲ್ಲಿ, ಎಲ್ಲರೂ ನೋಡುತ್ತಿದ್ದಂತೆ.

"ನೋಡಿದೇನ? ಹೊಟ್ಟಿಗಿ ಎಡಾ ಬಲಾ ಗೊತ್ತಾಗೂದಿಲ್ಲ. ನಿನ್ನ ಕೈ ನಿನಗೈತಿ, ಮಂದಿ ಕೈ ಯಾಕ ಕಾಯ್ತಿ?"

ಆ ತುತ್ತು ನೀಲಮಳ ಕೈಯಿಂದ ಕೆಳಗಿಳಿದರೆ ಸಾಕು ಎಂದಷ್ಟೇ ಅವನು ಆಡಿದ ಮಾತು. ಆದರೆ ರೋಹನ ಅವನ ಬೆರಳುಗಳನ್ನೇ ನೋಡುತ್ತಿದ್ದ.

"ಒಂದ ಕೈಲೆ ಹೆಂಗ ಮುರದ್ರಿ?"

"ಬುಡದಲೆ ಒತ್ತು. ಹಾಂ. ಈಗ ಎಳಿ."

ಹುಡುಗ ಅಂಗೈಯ ಬುಡ ಒತ್ತಿ ಎಳೆದ. ರೊಟ್ಟಿ ಮುರಿಯಿತು. ಚಂದ್ರಮತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಸಮಾಧಾನ ತನ್ನ ತಾಟು ದೂರ ಸರಿಸಿದ. ಈ ಹುಡುಗನಿಗೆ ಸಿಗಬೇಕಾದ ಮಂಗಳವಾರಗಳನ್ನು ಕರೋಶಿಯಲ್ಲಿ ತಾನು ಹಿಡಿದಿಟ್ಟುಕೊಂಡು ಕೂತಿದ್ದೆನಲ್ಲ ಎಂದು ನಾಚಿದ.

ಅಷ್ಟರಲ್ಲಿ ನೀಲಮಳ ಕಣ್ಣು ಅವನ ಎದೆಯ ಮೇಲೆ ನಿಂತಿತ್ತು. "ಅಕ್ಕುತಾಯವ್ವ ಶುಕ್ರವಾರ ನಸಕಿನ್ಯಾಗ ಕಬ್ಬಿನ ಕಸಾ ತಗ್ಯಾಕ ಹೋಗ್ತೀನಿ ಅಂದಿದ್ರಲ್ರಿ. ಅಂಗೀ ಗುಂಡಿ ಯಾರ ಹಾಕಿದ್ರು?"

ಅವನು ಬಗ್ಗಿ ನೋಡಿಕೊಂಡ. ಕಾಲರಿನದೂ ಬಿಟ್ಟಿರಲಿಲ್ಲ.

ಹೊರಗೆ ಅಂಗಳಕ್ಕೆ ಬಂದ ಮೇಲೆ ಅವಳು ಕೇಳಿದಳು. "ಯಾವಾಗಿಂದ?"

"ಯುಗಾದಿಯಿಂದ."

"ಆ ಮಂಗಳವಾರಗೋಳು ಈ ಹುಡುಗನ್ವು. ಗೊತ್ತಾತೇನ್ರಿ?" ಅವಳ ದನಿಯಲ್ಲಿ ನಿಜವಾದ ಸಿಟ್ಟಿತ್ತು.

"ತಪ್ಪ ಆತು. ಹೊಟ್ಟಿಕಿಚ್ಚ ಬಂದಿತ್ತು. ನೀ ಬರೂದ ನಿಂತ್ರ ನಾ ಹೆಂಗ ಇರ್ಲಿ ಅನ್ನೂದೊಂದ ತಲ್ಯಾಗಿತ್ತು. ನನಗ ನೀ ಬೇಕು, ನೀಲಮಾ."

ಮೇಡಂ ಎಲ್ಲೋ ಬಿದ್ದುಹೋಗಿತ್ತು. ಸ್ಟೇಷನ್ನಿನಲ್ಲಿ ಗಾಡಿಯೊಂದು ಕೂಗಿ ಹೊರಟಿತು. ಅದರ ಸಪ್ಪಳಕ್ಕೆ ನೀಲಮ ಒಂದು ಹೆಜ್ಜೆ ಹತ್ತಿರ ಬಂದಳು.

"ಅಷ್ಟ ಗುಂಡಿ ಹಾಕಾಕ ನನಗ ಅಷ್ಟೊತ್ತ ಯಾಕ ಬೇಕಾಗ್ತಿತ್ತಂತ ನೀ ಒಮ್ಮೆರೆ ಕೇಳಿದೇನ?"

ಸಮಾಧಾನ ಕಾಲರಿನ ಗುಂಡಿ ಮುಟ್ಟಿಕೊಂಡ.

"ಕರೋಶಿಗಿ ನಾ ಬರೂದ ಮುಗೀತು. ನಿಯಮ ಅಂದ್ರ ನಿಯಮ. ಇನ್ನ ಮಂಗಳವಾರ ನೀನ ಇಲ್ಲಿ ಬಂದ ಅವಗ ಕಲಸಬೇಕು."

"ಮತ್ತ ನೀ?"

"ಬರ್ತೀನಿ. ನಿನ್ನ ಮ್ಯಾಲ ಒಂದ ಕಣ್ಣ ಇಡಬೇಕಲ್ಲ."

ಚಂದ್ರಮತಿ ಕಳಿಸಿಕೊಡಲು ಬಾಗಿಲಿಗೆ ಬಂದು ಎರಡೂ ಕೈ ಜೋಡಿಸಿದಳು. ಇಬ್ಬರಿಗೂ ಕಷ್ಟವಾಗುತ್ತಿದ್ದದ್ದು ಈ ಗಳಿಗೆಯೇ. ಮರಳಿ ಮುಗಿಯಲು ಜೋಡಿ ಕೈ ಇಲ್ಲ. ಒಂದೇ ಕೈ ಎದೆಗೊತ್ತಿ ತಲೆಬಾಗಿಸಿ ಹೊರಟುಬಿಡುತ್ತಿದ್ದರು. ಇಂದು ನೀಲಮ ಸುತ್ತಿ ಬಂದು ಸಮಾಧಾನನ ಬಲಕ್ಕೆ, ಅಂಗಿಯ ತೋಳು ಮಡಚಿದ್ದ ಕಡೆ ನಿಂತಳು. ನಡುವೆ ಇಬ್ಬರದೂ ಕೈ ಇಲ್ಲದ್ದರಿಂದ ಹತ್ತಿರವೇ ನಿಲ್ಲಲು ಬಂತು. ತನ್ನ ಬಲ ಅಂಗೈಯನ್ನು ಇಬ್ಬರ ನಡುವೆ ಚಾಚಿ ಕಾದಳು. ತುಸು ಹೊತ್ತಿಗೆ ಅವನಿಗೆ ತಿಳಿಯಿತು. ಈಗಷ್ಟೇ ಉಂಡ ಎಡಗೈಯನ್ನು ಅಂಗಿಗೆ ಒರೆಸಿಕೊಂಡು ತಂದು ಅವಳ ಅಂಗೈಗೆ ಜೋಡಿಸಿದ. ಒಂದು ನಮಸ್ಕಾರ ಆಯಿತು.

"ಕೂಡೇ ಬರ್ರಿ ಮತ್ತ" ಎಂದಳು ಚಂದ್ರಮತಿ.

ಒಳಗೆ ರೋಹನ ಎಡಗೈಯಲ್ಲಿ ಹೋಳಿಗೆಯ ಡಬ್ಬಿಯನ್ನೇ ಖಾಲಿ ಮಾಡುತ್ತಿದ್ದ. ಸಮಾಧಾನ ತಿರುಗಿ ನೋಡಿದ. ತಿನ್ನಲಿ ಬಿಡು ಎನಿಸಿತು.