ಉಲ್ಕಾರಾಣಿಯ ಕಾಣೆಯಾದ ಹಾಳೆಗಳು

“ಕಥೆ ಹಾರೈತೆ ಕಣ್ರೀ! ಈ ಪುಟದಲ್ಲಿ ಉಲ್ಕಾರಾಣಿ ಆಕಾಶದಲ್ಲವ್ಳೆ, ಮುಂದಿನ ಪುಟದಲ್ಲಿ ಅಡುಗೆಮನೇಲವ್ಳೆ. ನಡುವಿನ ಹಾಳೆ ಎಲ್ಲಿ?”

ಓದುಗನೊಬ್ಬ ಹೀಗೆ ಕೂಗಿದ ಮೇಲೆ, ಅರಸೀಕೆರೆ ಸ್ಟೇಷನ್ ರಸ್ತೆಯ ಬಾಡಿಗೆ ಲೈಬ್ರರಿಯ ಮಾಲೀಕ ಜಯದೇವಪ್ಪ ಒಂದೊಂದೇ ಪುಸ್ತಕ ತೆರೆದು ನೋಡಿದರು. ‘ಸಿಡಿಲವೀರ’ ಕಾಮಿಕ್ಸ್‌ಗಳನ್ನು ಜೋಡಿಸಿ ಹೊಲಿದ ಹೊಸ ಸಂಪುಟಗಳಲ್ಲೆಲ್ಲ ಹಾಳೆ ಮಾಯ! ಸಂಜೆಯೊಳಗೆ ಕಳ್ಳಿಯ ಹೆಸರೂ ಹಬ್ಬಿತ್ತು—ಲತಾಮಣಿ.

ಮಹಿಳಾ ಪೇದೆ ಮಂಜುಳಾ ಡ್ಯೂಟಿ ಮುಗಿಸಿದವಳೇ ಸೊಸೆಯನ್ನು ಕರೆದುಕೊಂಡು ಅಲ್ಲಿಗೆ ಬಂದಳು. ಲತಾಮಣಿ ಅವಳ ಅಣ್ಣನ ಮಗಳು. ‘ಕಾಲೇಜಿಗೆ ಕಳಿಸಿದ್ದಕ್ಕೆ ಬಂದ ಹೆಸರು ಸಾಕು, ಸೋಮವಾರದಿಂದ ಮನೇಲಿರ್ಲಿ’ ಎಂದು ಅಣ್ಣ ಭೀಮರಾಜ್ ಆಗಲೇ ಹೇಳಿಯಾಗಿತ್ತು.

“ನೀನು ಕಿತ್ತೆಯೇನೇ?”

“ಇಲ್ಲ ಅತ್ತೆ. ಈ ಕಥೆಗಳ ವಿಷಯಕ್ಕೆ ಸಾರ್ ಹತ್ರ ಜಗಳ ಆಡಿದ್ದು ನಿಜ. ಒಳ್ಳೇಳು ಸೆರಗು ಹೊದ್ದು ಕಿಟಕೀಲಿ ಕಾಯ್ತಾಳೆ, ಹಾರಕ್ಕೆ ಬರೋಳೆಲ್ಲ ಯಾಕೆ ಕೆಟ್ಟೋಳೇ ಅಂತ ಕೇಳ್ದೆ.”

“ಬ್ಯಾಗಲ್ಲಿ ಬ್ಲೇಡ್ ಇತ್ತಲ್ಲ?” ಎಂದರು ಜಯದೇವಪ್ಪ.

“ಪೆನ್ಸಿಲ್ ಕೆತ್ತೋಕೆ ಸಾರ್!”

ಮಂಜುಳಾ ಅವರನ್ನೇ ಕೇಳಿದಳು: “ಬೇರೆ ಯಾರ ಮೇಲೂ ಅನುಮಾನ ಇಲ್ವಾ?”

“ಕೊಬ್ಬರಿ ಮಂಡಿ ನಂಜಪ್ಪೋರು ಒಂದ್ಸಲ ಕೂಗಾಡಿದ್ರು. ಆ ಉಲ್ಕಾರಾಣಿ ಬಟ್ಟೆ ನೋಡಿ ಹುಡುಗ್ರು ಕೆಡ್ತಾರಂತೆ. ಆಮೇಲೆ ತಾವೇ ಎರಡು ಪುಸ್ತಕ ತಗೊಂಡು ಹೋದ್ರು ಅನ್ನಿ.”

ಲತಾಮಣಿಗೆ ನಗು ಬಂತು. ಮಂಜುಳಾಗೆ ಬರಲಿಲ್ಲ.

“ಇದೇ ಕಥೆಗಳ ಇನ್ನೊಂದು ಪ್ರತಿ ಇದ್ಯಾ?”

ಹೊಲಿಯದೆ ಉಳಿದಿದ್ದ ಕಟ್ಟು ಹೊರಬಂತು. ಅದರಲ್ಲಿ ಎಲ್ಲ ಹಾಳೆಯೂ ಇತ್ತು. ಮಂಜುಳಾ ಎರಡನ್ನೂ ಪಕ್ಕಪಕ್ಕ ಹರಡಿ ನೋಡಿದಳು. ತುಂಡು ಬಟ್ಟೆಯ ಚಿತ್ರಗಳಿಗೆ ಏನೂ ಆಗಿರಲಿಲ್ಲ. ಹೋಗಿದ್ದು ಒಂದೇ ಬಗೆಯ ಹಾಳೆ. ಸಿಡಿಲವೀರ ಉಲ್ಕಾರಾಣಿಯ ಕೆನ್ನೆಗೆ ಬಾರಿಸುತ್ತಾನೆ. ಅವಳು ಅವನ ಕಾಲಿಗೆ ಬಿದ್ದು, ಸೀರೆ ಉಟ್ಟು, ಒಳ್ಳೆಯವಳಾಗುತ್ತಾಳೆ.

“ನಂಜಪ್ಪೋರಾಗಿದ್ರೆ ಬಟ್ಟೆ ಚಿತ್ರ ಹರೀತಿದ್ರು,” ಎಂದಳು ಮಂಜುಳಾ. “ಇದು ಅವಳನ್ನ ಕಂಡ್ರೆ ಆಗದವರ ಕೆಲಸ ಅಲ್ಲ. ಅವಳು ಏಟು ತಿನ್ನೋದನ್ನ ನೋಡಕ್ಕಾಗದವರ ಕೆಲಸ.”

“ಅಂದ್ರೆ ನಿಮ್ಮ ಹುಡುಗೀನೇ!”

“ಇಲ್ನೋಡಿ. ಹಾಳೆ ಹೋದ ಕಡೆ, ಅದೇ ಕಾಗದ ಮಡಚಿ ಆದ ಜೋಡಿ ಹಾಳೆ ಕಳಚದ ಹಾಗೆ ಮೈದಾ ಅಂಟು ಹಾಕವ್ರೆ. ಹೊಲಿಗೆ ದಾರ ಆ ಅಂಟನ್ನ ತೂರ್ಕೊಂಡು ಹೋಗೈತೆ. ಮೊದಲು ಅಂಟು, ಆಮೇಲೆ ಹೊಲಿಗೆ. ಪುಸ್ತಕ ಕಪಾಟಿಗೆ ಬರೋ ಮೊದಲೇ ಹಾಳೆ ಹೋಗಿತ್ತು. ಓದೋರು ಯಾರೂ ಕೀಳಲಿಲ್ಲ. ಹೊಲಿಗೆ ಯಾರ್ದು?”

“ಮನೇದೇ. ನಮ್ಮ ಪುಷ್ಪಂದು. ಗೆಂಡೆಹಳ್ಳಿಯಿಂದ ಬಂದು ಸುಮ್ನೆ ಕೂತಿದ್ಲು, ಹೊಲಿ ಅಂತ—”

ಒಳಬಾಗಿಲಲ್ಲಿ ಮಗಳು ಪುಷ್ಪಲತಾ ಬಂದು ನಿಂತಿದ್ದಳು. ಗೆಂಡೆಹಳ್ಳಿಯ ಗಂಡನ ಮನೆ ಬಿಟ್ಟು ಬಂದು ಒಂದು ತಿಂಗಳಾಗಿತ್ತು.

“ನಾನೇ ಕಿತ್ತಿದ್ದು. ಹಂಡೆ ಒಲೆಗೆ ಹಾಕ್ದೆ. ಪಾಪ, ಆ ಹುಡುಗಿ ಹೆಸರು ಎತ್ಬೇಡಿ.”

“ಕಥೆ ಕಣಮ್ಮ ಅದು!” ಜಯದೇವಪ್ಪ ಮಗಳ ಕಡೆ ತಿರುಗಿದರು. “ಬರೀ ಕಥೆ!”

“ನಾನು ಅಲ್ಲಿ ಏಟು ತಿಂದು ಬಂದು ಹೇಳಿದ್ದಕ್ಕೂ ಹಂಗೇ ಅಂದ್ರಿ, ಅಪ್ಪಾಜಿ.”

ಲತಾಮಣಿ ಅತ್ತೆಯ ಕೈ ಹಿಡಿದುಕೊಂಡಳು. ಅವಳ ಕಾಲೇಜು ಉಳಿದಿತ್ತು. ಅದಕ್ಕಾಗಿ ಇನ್ನೊಬ್ಬಳ ಹೆಸರನ್ನು ತಾನೇ ಬಯಲಿಗೆಳೆದೆನಲ್ಲ ಎಂದುಕೊಳ್ಳುತ್ತ ಮಂಜುಳಾ ಪುಷ್ಪಲತಾಳ ಹತ್ತಿರ ಹೋದಳು.

“ಠಾಣೆಗೆ ಬಂದು ದೂರು ಕೊಡು ಪುಷ್ಪಾ, ನಾನು ಜೊತೇಲಿರ್ತೀನಿ.”

“ನಾಳೆ ಬೆಳಗ್ಗೆ ನಮ್ಮನೆಯವ್ರು ಕರ್ಕೊಂಡು ಹೋಗಕ್ಕೆ ಬರ್ತಾರೆ, ಮೇಡಂ. ಅಪ್ಪಾಜಿ ಒಪ್ಕೊಂಡವ್ರೆ.”

ಹೆಂಗಸರು ಮೂವರೂ ಜಯದೇವಪ್ಪನವರ ಮುಖ ನೋಡಿದರು. ಬರಬೇಡ ಎಂದು ಅಳಿಯನಿಗೆ ಹೇಳಿಕಳಿಸುತ್ತೇನೆ—ಅಷ್ಟೇ ಮಾತು ಸಾಕಿತ್ತು. ಅವರು ಎದ್ದರು, ಹೊಲಿಯದ ಕಟ್ಟನ್ನು ಎತ್ತಿ ಮಗಳ ಕೈಗೆ ಎಟುಕದ ಹಾಗೆ ಅಟ್ಟದ ಮೇಲಿಟ್ಟರು, ಅಂಗಡಿಯ ದೀಪ ಆರಿಸಿದರು.