ಕಂಬದ ನೆರಳು, ಭತ್ತದ ದನಿ

೨೦೪೭ರ ಫೆಬ್ರುವರಿ ನಾಲ್ಕರ ಬೆಳಿಗ್ಗೆ ಆರು ಗಂಟೆಗೆ ದಾವಣಗೆರೆಯ ಭಟ್ಟಿ ಓಣಿಯಲ್ಲಿ ಹೊಗೆಯ ಕಣ ಹಿಡಿಯುವ ಕಣಸೆಳೆ ಗೋಪುರ ಕೆಲಸ ಆರಂಭಿಸಿತು. ಒಂಬತ್ತನೆಯ ದಿನಕ್ಕೆ ಓಣಿಯ ಈ ತುದಿಯಲ್ಲಿ ನಿಂತವರಿಗೆ ಆ ತುದಿಯ ಮಿನಾರು ಕಾಣತೊಡಗಿತು. ಹದಿನೆಂಟನೆಯ ದಿನ ಮೌಲಾಬೀ ಎಂಬಾಕೆಯ ಭಟ್ಟಿಯಲ್ಲಿ ಮಂಡಕ್ಕಿ ಅರಳಲಿಲ್ಲ. ಇಪ್ಪತ್ತೊಂದನೆಯ ದಿನ ಆಕೆಯ ಅತ್ತೆ ಹೊನ್ನೂರಬೀ ಅವರಿಗೆ ಅರಳುಮರಳು ಹಿಡಿಯಿತೆಂದು ಮನೆಯವರು ತೀರ್ಮಾನಿಸಿದರು. ಮೂವತ್ತನೆಯ ದಿನ, ಅಂದರೆ ಮಾರ್ಚ್ ಐದರಂದು, ಗೋಪುರವನ್ನು ರೂಪಿಸಿದ ಡಾ. ಮೃದುಲಾ ಕಬ್ಬೂರ ತನ್ನ ಉಪಕರಣಗಳ ಪೆಟ್ಟಿಗೆಯೊಂದಿಗೆ ಆ ಮನೆಯ ಅಂಗಳಕ್ಕೆ ಬಂದಿಳಿದಳು.

ಗೋಪುರದ ಕೆಲಸ ಸರಳವಾದುದು. ಅದು ಸುತ್ತಲಿನ ಗಾಳಿಯನ್ನು ಒಳಗೆಳೆದುಕೊಂಡು, ಅದರಲ್ಲಿರುವ ಮಸಿ, ಬೂದಿ ಮತ್ತು ಗಂಧಕದ ಸೂಕ್ಷ್ಮಕಣಗಳಿಗೆ ವಿದ್ಯುದಾವೇಶ ನೀಡುತ್ತದೆ. ಆವೇಶ ಪಡೆದ ಕಣಗಳು ಒಳಗಿನ ಒದ್ದೆಪರದೆಗೆ ಅಂಟಿ, ಕೆಸರಾಗಿ ಕೆಳಗಿಳಿಯುತ್ತವೆ. ಓಣಿಯ ನಲವತ್ತೆರಡು ಭಟ್ಟಿಗಳು ಹೊಟ್ಟು, ಮರದ ಪುಡಿ, ಕೈಗೆ ಸಿಕ್ಕ ರಬ್ಬರು ಎಲ್ಲವನ್ನೂ ಉರಿಸಿ ಕಟ್ಟಿದ್ದ ಹೊಗೆಯ ಚಪ್ಪರ ಎರಡೇ ವಾರದಲ್ಲಿ ಇಲ್ಲವಾಗಿತ್ತು. ಹೊಗೆಯೊಂದಿಗೆ ಏರುವ ಇಂಗಾಲದ ಡೈಆಕ್ಸೈಡನ್ನು ಮಾತ್ರ ಗೋಪುರ ಹಿಡಿಯಲಾರದು. ಅದು ನಡೆಯುವುದು ತನ್ನ ನೆತ್ತಿಯ ಸೌರಫಲಕಗಳಿಂದ. ಆ ಫಲಕಗಳು ಮೊದಲ ದಿನಕ್ಕಿಂತ ಶೇಕಡಾ ಇಪ್ಪತ್ತೆಂಟು ಹೆಚ್ಚು ವಿದ್ಯುತ್ತು ಕೊಡುತ್ತಿದ್ದವು. ಮೃದುಲಾ ಇದನ್ನು ತನ್ನ ವರದಿಯ ಮೊದಲ ಪುಟದಲ್ಲಿ, ಸಂತೋಷದ ಸಂಗತಿಗಳ ಸಾಲಿನಲ್ಲಿ ಬರೆದಿದ್ದಳು.

“ಬರ್ರಿ ಮೇಡಂ,” ಎಂದಳು ಮೌಲಾಬೀ. “ನಿಮ್ಮ ಗೋಪುರ ಹೊಗಿ ಅಷ್ಟ ನುಂಗತೈತಿ ಅಂದಿದ್ರಿ. ನಮ್ಮ ಅನ್ನನೂ ನುಂಗಾಕ ಹತ್ತೈತಿ.”

ಅವಳು ಒಂದು ಮೊರವನ್ನು ಮುಂದೆ ಹಿಡಿದಳು. ಮಂಡಕ್ಕಿ ಇರಬೇಕಾದ ಮೊರದಲ್ಲಿ ಕಪ್ಪಗೆ ಸೀದ ನುಚ್ಚು ಇತ್ತು.

“ಮರಳಿನ ಕಾವು ಹೆಚ್ಚಾಗಿರಬಹುದೇ?” ಎಂದು ಮೃದುಲಾ ಕೇಳಿದಳು.

ಭಟ್ಟಿಯ ಮುಂದೆ ಕುಳಿತಿದ್ದ ಬುಡೇನ್ ತಲೆ ಎತ್ತಿದ. ಮೂವತ್ತು ವರ್ಷದಿಂದ ಅಲ್ಲಿ ಮರಳು ಹುರಿಯುತ್ತಿದ್ದವನು. “ಮೇಡಂ, ನಾನು ಮರಳಿನ ಮುಂದ ಕುಂತು ಕುಂತು ಅರ್ಧ ಹುರದು ಹೋಗೇನಿ. ಕಾವು ನನಗ ಬಿಡ್ರಿ. ಭತ್ತಕ್ಕ ಕರೆಂಟ್ ಹೊಡದೈತೇನು, ಅದನ್ನ ನೋಡ್ರಿ.”

ಮೌಲಾಬೀ ನಗಲಿಲ್ಲ. ಗೋಪುರ ನಿಂತಿದ್ದುದು ಅವಳು ಭತ್ತ ಒಣಗಿಸುವ ಕಣದ ಉತ್ತರದ ಮೂಲೆಯಲ್ಲಿ. ಜಾಗ ಕೊಟ್ಟವರು ಒಪ್ಪಿಗೆ ಹಿಂದಕ್ಕೆ ಪಡೆದರೆ ಗೋಪುರವನ್ನು ಬಿಚ್ಚಬೇಕೆಂಬುದು ಕರಾರು. ಉಳಿದ ಭಟ್ಟಿಗಳಲ್ಲೂ ನುಚ್ಚೇ ಬರುತ್ತಿದ್ದುದರಿಂದ ಓಣಿಯವರು ಕಾಗದ ಸಿದ್ಧಪಡಿಸಿ ಅವಳ ಮುಂದೆ ಇಟ್ಟಿದ್ದರು. ಮಾರ್ಚ್ ಹದಿನೇಳರೊಳಗೆ ಕಾರಣ ಸಿಗದಿದ್ದರೆ ಸಹಿ ಹಾಕುವುದಾಗಿ ಅವಳು ಮಾತು ಕೊಟ್ಟಿದ್ದಳು.

“ನೀವು ಹೇಗಿದ್ದೀರಿ? ಉಸಿರಾಟ?” ಎಂದಳು ಮೃದುಲಾ.

ಮೌಲಾಬೀ ಗೋಡೆಯ ಗೂಡಿನತ್ತ ಕೈ ತೋರಿಸಿದಳು. ಅಲ್ಲಿ ಉಬ್ಬಸದ ಪಂಪು ಧೂಳು ಹಿಡಿದು ಕುಳಿತಿತ್ತು. “ಒಂಬತ್ತು ವರ್ಷ ಅದು ನನ್ನ ಸೊಂಟದಾಗ ಇತ್ತು. ಈಗ ಹದಿನೈದು ದಿನ ಆತು, ಮುಟ್ಟಿಲ್ಲ. ರಾತ್ರಿ ಉದ್ದಕ ಮಲಗಿ ನಿದ್ದಿ ಮಾಡತೀನಿ. ಆದ್ರ ಬರೇ ಉಸಿರು ಉಣಕಂತ ಇರಾಕ ಆಗತೈತೇನ್ರಿ? ಸಹಿ ಹಾಕಿದ್ರ ಉಬ್ಬಸ, ಹಾಕಲಿಲ್ಲ ಅಂದ್ರ ಉಪವಾಸ. ಯಾವುದು ಆರಸ್ಲಿ, ನೀವ ಹೇಳ್ರಿ.”

ಮೃದುಲಾ ಪುಸ್ತಕ ತೆರೆದಳು. ದೋಷ ಎಲ್ಲೆಲ್ಲಿ ಇರಬಹುದೆಂದು ಪಟ್ಟಿ ಬರೆಯತೊಡಗಿದಳು.

ಮಂಡಕ್ಕಿಯ ಕೆಲಸದ ಕ್ರಮವನ್ನು ಅವಳು ಹಂತ ಹಂತವಾಗಿ ಗುರುತಿಸಿಕೊಂಡಳು. ಭತ್ತವನ್ನು ನೆನೆಸಿ ಬೇಯಿಸುತ್ತಾರೆ. ಬೆಳಿಗ್ಗೆ ಎಂಟಕ್ಕೆ ಕಣದಲ್ಲಿ ಹರವುತ್ತಾರೆ. ಆಗಾಗ ಅದರೊಳಗೆ ಕಾಲೆಳೆದು ನಡೆದು ಮಗುಚುತ್ತಾರೆ. ಇದಕ್ಕೆ ಕಾಲಾಡಿಸುವುದು ಎಂದು ಹೆಸರು. ಒಣಗಿದ ಭತ್ತವನ್ನು ಅಕ್ಕಿ ಮಾಡಿಸಿ, ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಅರಳಿಸುತ್ತಾರೆ. ಹರವಿದ ಭತ್ತ ಭಟ್ಟಿಗೆ ಬರುವ ಹೊತ್ತಿಗೆ ವಾರ ಕಳೆದಿರುತ್ತದೆ.

ಮುಂದಿನ ದಿನಗಳಲ್ಲಿ ಅವಳು ನೀರನ್ನು ಪರೀಕ್ಷಿಸಿದಳು, ದೋಷವಿರಲಿಲ್ಲ. ಉಪ್ಪು, ಮರಳು, ಭತ್ತದ ತಳಿ, ಕಾಳಿನ ವಿದ್ಯುದಾವೇಶ, ಗಾಳಿಯ ಓಝೋನ್: ಯಾವುದರಲ್ಲೂ ದೋಷವಿರಲಿಲ್ಲ. ಒಣಗಿಸುವ ಅವಧಿಯ ಬಗ್ಗೆಯೂ ವಿಚಾರಿಸಿದಳು. ಮೌಲಾಬೀ ಕಣದ ನಡುವಿನ ಹಳೆಯ ದೀಪದ ಕಂಬವನ್ನು ತೋರಿಸಿದಳು. “ಕಂಬದ ನೆರಳು ಆ ಕಟ್ಟಿ ಮುಟ್ಟಿದಾಗ ಎತ್ತೂದು. ನಮ್ಮ ಮಾವನ ಕಾಲದಿಂದ ಹಂಗ. ಒಂದು ದಿನ ತಪ್ಪಿಲ್ಲ.” ಮೃದುಲಾ ಗಡಿಯಾರ ಹಿಡಿದು ನೋಡಿದಳು. ಹನ್ನೆರಡು ಗಂಟೆ ನಲವತ್ತು ನಿಮಿಷ. ಹಿಂದಿನ ವರ್ಷದ ಮಾರ್ಚಿನಲ್ಲೂ ಅಷ್ಟೇ ಎಂದು ಎಲ್ಲರೂ ಹೇಳಿದರು. ‘ಒಣಗಿಸುವ ಅವಧಿ: ಬದಲಾಗಿಲ್ಲ’ ಎಂದು ಬರೆದು ಅವಳು ಆ ಸಾಲನ್ನೂ ಹೊಡೆದುಹಾಕಿದಳು.

ಗೋಪುರವೇ ಭತ್ತದ ಮೇಲೆ ಏನನ್ನಾದರೂ ಉದುರಿಸುತ್ತಿರಬಹುದೇ ಎಂಬ ಅನುಮಾನ ಉಳಿದಿತ್ತು. ಅದಕ್ಕಾಗಿ ಧೂಳಿನ ಕಣಗಳನ್ನು ತೂಗುವ ಸೂಕ್ಷ್ಮ ತಕ್ಕಡಿಯನ್ನು ಪಡಸಾಲೆಯಲ್ಲಿ ಇರಿಸಿದ್ದಳು. ಆದರೆ ಪ್ರತಿದಿನ ಒಂದು ಹೊತ್ತಿನಲ್ಲಿ ತಕ್ಕಡಿಯ ಮುಳ್ಳು ಹುಚ್ಚೆದ್ದು ಕುಣಿಯುತ್ತಿತ್ತು. ಪಕ್ಕದ ಕೋಣೆಯೊಳಗಿನಿಂದ ಯಾರೋ ಬಾಗಿಲು ಬಡಿಯುತ್ತಿದ್ದರು.

“ನಮ್ಮ ಅತ್ತಿ,” ಎಂದಳು ಮೌಲಾಬೀ, ಕಣ್ಣು ತಪ್ಪಿಸಿ. “ಎಂಬತ್ತೊಂದು ವರ್ಷ. ಕಣ್ಣು ಹೋಗಿ ಹತ್ತು ವರ್ಷ ಆತು. ಮೊನ್ನಿತನಕ ಚೆಂದ ಇದ್ಲು. ಗೋಪುರ ಚಾಲೂ ಆದ ಮ್ಯಾಲೆ ಏನಾತೋ. ಹಸಿ ಭತ್ತನ ಕಸಬರಗಿ ಹಿಡಕಂಡು ಗುಡ್ಡಿ ಹಾಕತಾಳ. ಕೇಳಿದ್ರ, ‘ನಮ್ಮೂರ ಬಿಸಿಲು ಬಂದೈತಿ, ಎತ್ರಿ’ ಅಂತಾಳ. ಆಕಿ ಊರು ಹರಪನಹಳ್ಳಿ ಕಡೆ. ಬಿಟ್ಟು ಅರವತ್ತು ವರ್ಷ ಆತು. ಗುಡ್ಡಿ ಎಲ್ಲ ನಾವು ಹೊಳ್ಳಿ ಹರವತಿದ್ವಿ. ಎರಡು ಸಲ ಎಡವಿ ಬಿದ್ಲು. ಅದಕ್ಕ ಹತ್ತರಿಂದ ಒಂದರ ತನಕ ಚಿಲಕ ಹಾಕತೀನಿ. ಪಾಪ ಅನಸತೈತಿ. ಏನ್ಮಾಡ್ಲಿ.”

ಮೃದುಲಾ ಯಾವುದನ್ನೂ ಬರೆಯದೆ ಬಿಡುವವಳಲ್ಲ. ತಕ್ಕಡಿಗೆ ಬಂದ ಅಡಚಣೆಗಳೆಂದು ಬಡಿತದ ಹೊತ್ತನ್ನು ದಿನವೂ ಗುರುತು ಹಾಕಿಕೊಂಡಳು.

ಹನ್ನೊಂದು ದಿನಗಳು ಕಳೆದವು. ಉದುರಿದ ಕಣಗಳ ತೂಕ ಶೂನ್ಯ. ಪಟ್ಟಿಯಲ್ಲಿ ಹೊಡೆಯದೆ ಉಳಿದ ಸಾಲು ಒಂದೂ ಇರಲಿಲ್ಲ. ಮಾರ್ಚ್ ಹದಿನಾರರ ಬೆಳಿಗ್ಗೆ ಅವಳು ಏನು ಮಾಡಬೇಕೆಂದು ತೋಚದೆ, ಬರೆದದ್ದನ್ನೇ ಮತ್ತೆ ಓದುತ್ತ ಕುಳಿತಳು. ಬಡಿತದ ಹೊತ್ತುಗಳು: ೧೧.೨೬, ೧೧.೩೧, ೧೧.೨೮. ಹೆಚ್ಚುಕಡಿಮೆ ಒಂದೇ. ಆದರೆ ಮಾರ್ಚ್ ಹನ್ನೊಂದರಂದು ಮಾತ್ರ ೧೨.೩೫.

ಬುದ್ಧಿ ಕೆಟ್ಟವರು ಇಷ್ಟು ನಿಖರವಾಗಿ ಬಡಿಯುವರೇ? ನಿಖರವಾಗಿ ಬಡಿಯುವವರು ಒಂದು ದಿನ ಮಾತ್ರ ಯಾಕೆ ತಡಮಾಡುವರು? ಅವಳು ಹನ್ನೊಂದನೆಯ ತಾರೀಖಿನ ಉಳಿದ ಅಂಕಿಗಳನ್ನು ಹುಡುಕಿದಳು. ಅಂದು ಮೋಡವಿತ್ತು. ಸೌರಫಲಕಗಳ ಉತ್ಪಾದನೆ ಆ ವಾರದಲ್ಲೇ ಅತಿ ಕಡಿಮೆ. ಬಡಿತದ ಹೊತ್ತು, ಫಲಕಗಳ ಉತ್ಪಾದನೆ ಎರಡನ್ನೂ ಅಕ್ಕಪಕ್ಕ ಬರೆದಳು. ಬಿಸಿಲು ಹೆಚ್ಚಿದ ದಿನ ಬಡಿತ ಬೇಗ. ಕಡಿಮೆಯಾದ ದಿನ ತಡ.

ಅವಳು ಎದ್ದು ಹೋಗಿ ಚಿಲಕ ತೆಗೆದಳು.

ಹೊನ್ನೂರಬೀ ಕಿಟಕಿಯ ಪಕ್ಕದಲ್ಲಿ ಕುಳಿತಿದ್ದರು. ಕಿಟಕಿಯಾಚೆ ಕಣದಲ್ಲಿ ಇಬ್ಬರು ಹೆಂಗಸರು ಕಾಲಾಡಿಸುತ್ತಿದ್ದರು.

“ಯಾರವ್ವ?”

“ಗೋಪುರದವಳು, ಅಜ್ಜಿ.”

“ಇವತ್ತು ಇನ್ನೂ ಹೊತ್ತೈತಿ. ಯಾಕ ತಗದಿ?”

“ಭತ್ತ ಎತ್ತುವ ಹೊತ್ತು ನಿಮಗೆ ಹೇಗೆ ತಿಳಿಯುತ್ತದೆ?”

“ಕೇಳಸವಲ್ದೇನು ನಿನಗ?” ಮುದುಕಿಗೆ ನಗು ಬಂತು. “ಅವರ ಕಾಲಾಗಿನ ಭತ್ತ ಈಗ ಸುಮ್ಮನ ಐತಿ. ಹಸಿ ಐತಿ. ಹದಕ್ಕ ಬಂತಂದ್ರ ಗಲ್ ಅಂತೈತಿ. ಆಗ ಎತ್ತಬೇಕು. ಬಿಟ್ರ ಚರಚರ ಅಂತೈತಿ. ಆಮ್ಯಾಲೆ ಅದನ್ನ ಕೋಳಿಗೆ ಹಾಕೂದ.”

“ಮೊದಲೂ ನೀವು ಹೀಗೆಯೇ ಹೇಳುತ್ತಿದ್ದಿರಾ?”

“ಮೊದ್ಲು ಹೇಳೂದು ಏನಿತ್ತು? ಇಲ್ಲಿ ಬಿಸಿಲಿಗೆ ಜೀವ ಇರಲಿಲ್ಲ. ಭತ್ತ ಗಲ್ ಅನ್ನೂದಕ್ಕೂ ನೆರಳು ಕಟ್ಟಿ ಮುಟ್ಟೂದಕ್ಕೂ ಸರಿ ಹೋಗತಿತ್ತು. ನಮ್ಮೂರಾಗ ಇದ್ದದ್ದು ಒಂದ ಭಟ್ಟಿ. ಅಲ್ಲಿ ಹೊತ್ತು ನೆತ್ತಿಗೆ ಬರೂದ್ರಾಗ ಎತ್ತಿ, ಉಂಡು ಮಲಗತಿದ್ವಿ. ಈಗ ಆ ಬಿಸಿಲು ಇಲ್ಲಿಗೆ ಬಂದೈತಿ. ಹೇಳಿದ್ರ ನಮ್ಮ ಸೊಸಿ ಬಾಗಲಾ ಹಾಕತಾಳ.”

ಬಾಗಿಲ ಬಳಿ ನಿಂತು ಕೇಳುತ್ತಿದ್ದ ಮೌಲಾಬೀ ನೇರವಾಗಿ ಕಣಕ್ಕೆ ಇಳಿದಳು.

ಅಂದು ಕಣದ ಭತ್ತವನ್ನು ಎರಡು ಪಾಲು ಮಾಡಿದರು. ೧೧.೩೦ಕ್ಕೆ ಹೊನ್ನೂರಬೀ “ಎತ್ರಿ” ಎಂದಾಗ ಒಂದು ಪಾಲನ್ನು ಎತ್ತಿದರು. ಇನ್ನೊಂದನ್ನು ಕಂಬದ ನೆರಳು ಕಟ್ಟೆ ಮುಟ್ಟಿದಾಗ ಎತ್ತಿದರು. ವಾರ ಕಾಯದೆ ಎರಡರಿಂದಲೂ ಒಂದೊಂದು ಸೇರು ತೆಗೆದು ಒನಕೆಯಲ್ಲಿ ಕುಟ್ಟಿ ಅಕ್ಕಿ ಮಾಡಿದರು. ಮೃದುಲಾ ಭೂತಗನ್ನಡಿ ಹಿಡಿದಳು. ಎರಡನೆಯ ಪಾಲಿನ ಪ್ರತಿ ಕಾಳಿನಲ್ಲೂ ಕೂದಲೆಳೆಯಂಥ ಅಡ್ಡಬಿರುಕುಗಳಿದ್ದವು. ಬುಡೇನ್ ಎರಡಕ್ಕೂ ಉಪ್ಪುನೀರು ಹಿಡಿಸಿ, ಮೊದಲು ಅದನ್ನು ಮರಳಿಗೆ ಹಾಕಿದ. ಕಪ್ಪು ನುಚ್ಚು ಬಂತು. ಆಮೇಲೆ ಅಜ್ಜಿ ಎತ್ತಿಸಿದ ಪಾಲನ್ನು ಹಾಕಿದ. ಬಾಣಲೆ ಬೆಳ್ಳಗೆ ಉಕ್ಕಿತು.

ಬುಡೇನ್ ಒಂದು ಹಿಡಿ ಮಂಡಕ್ಕಿ ತೆಗೆದು ಮೌಲಾಬೀಯ ಕೈಗೆ ಹಾಕಿದ. “ಅಕ್ಕಾ, ಮೂವತ್ತು ವರ್ಷ ನಾವು ಕಂಬದ ಮಾತು ಕೇಳೀವಿ. ಮುದುಕಿ ಮಾತು ಕೇಳಲಿಲ್ಲ.”

“ನನಗೂ ಅದೇ ತಪ್ಪಾಯಿತು,” ಎಂದಳು ಮೃದುಲಾ. “ನೆರಳು ಹೊತ್ತನ್ನು ತೋರಿಸುತ್ತದೆ, ಬಿಸಿಲಿನ ಬಲವನ್ನು ತೋರಿಸುವುದಿಲ್ಲ. ನಾನು ಹೊತ್ತನ್ನಷ್ಟೇ ಅಳೆದೆ. ಬಿಸಿಲು ಬಲವಾದ ಮೇಲೆ ಅಷ್ಟೇ ಹೊತ್ತಿನಲ್ಲಿ ಭತ್ತ ಅತಿಯಾಗಿ ಒಣಗಿ ಬಿರುಕು ಬಿಡುತ್ತಿತ್ತು. ಹೊಗೆಯ ಕಣಗಳು ಶ್ವಾಸಕೋಶಕ್ಕೆ ಇಳಿಯುವುದಷ್ಟೇ ಅಲ್ಲ, ಮೇಲೆ ನಿಂತು ಸೂರ್ಯನ ಬೆಳಕನ್ನು ಚದುರಿಸುತ್ತವೆ. ಇದು ಧೂಮಛಾಯೆ. ಈ ಓಣಿಯ ಹೊತ್ತಿನ ಲೆಕ್ಕವೆಲ್ಲ ಆ ಛಾಯೆಯ ಕೆಳಗೇ ಹುಟ್ಟಿದ್ದು.”

“ಹಂಗಾರ ನಮ್ಮ ಹೊಗಿನ ನಮಗ ಬಿಸಿಲಿಗೆ ಕೊಡಿ ಹಿಡಿದಿತ್ತು?” ಎಂದಳು ಮೌಲಾಬೀ.

“ಹೌದು.”

“ಮತ್ತ ಈ ಬ್ಯಾಸಗಿ? ನಾನು ಸೊಸಿಯಾಗಿ ಬಂದಾಗ ಹಿಂಗಿರಲಿಲ್ಲ. ಅದನ್ನೂ ಗೋಪುರ ತಂತೇನು?”

“ಇಲ್ಲ. ಕಾವು ಮೊದಲೇ ಏರಿತ್ತು. ಹೊಗೆ ಅದರಲ್ಲಿ ಒಂದಿಷ್ಟನ್ನು ಮುಚ್ಚಿಟ್ಟಿತ್ತು. ಮಸಿಯ ಕಣ ಒಂದೆರಡು ವಾರಕ್ಕೆ ಕೆಳಗಿಳಿಯುತ್ತದೆ. ಅದೇ ಒಲೆಯಿಂದ ಹೋದ ಡೈಆಕ್ಸೈಡು ನೂರಾರು ವರ್ಷ ಮೇಲೆಯೇ ಉಳಿದು ಕಾವನ್ನು ಹಿಡಿದಿಡುತ್ತದೆ. ಬರೀ ನಿಮ್ಮ ಒಲೆಯಲ್ಲ, ಎಲ್ಲರ ಒಲೆ, ಎಲ್ಲರ ಗಾಡಿ.”

“ಅಂದ್ರ ಬಿಸಿಲು ತಂದಾರೂ ನಾವ, ಕೊಡಿ ಹಿಡಿದಾರೂ ನಾವ.” ಮೌಲಾಬೀ ಗೂಡಿನಲ್ಲಿದ್ದ ಪಂಪನ್ನು ನೋಡಿದಳು, ಕಾಗದವನ್ನು ನೋಡಿದಳು. “ಯಾರ ಮ್ಯಾಲೆ ಸಿಟ್ಟು ಮಾಡ್ಲಿ ಅನ್ನೂದ ತಿಳೀವಲ್ದು ಮೇಡಂ.”



ಮೌಲಾಬೀ ಸಹಿ ಹಾಕದೆಯೇ ಕಾಗದವನ್ನು ಮಡಚಿ ಪಂಪಿನ ಕೆಳಗೆ ಇಟ್ಟಳು. ಬುಡೇನನಿಂದ ಸ್ಕ್ರೂಡ್ರೈವರ್ ಕೇಳಿ ಪಡೆದು, ಕೋಣೆಯ ಬಾಗಿಲಿನ ಚಿಲಕವನ್ನು ತಾನೇ ಬಿಚ್ಚಿದಳು. ಮರುದಿನ ಬೆಳಿಗ್ಗೆ ಹೊನ್ನೂರಬೀ ಕಣದ ಕಟ್ಟೆಯ ಮೇಲೆ ಕುಳಿತಿದ್ದರು. ಸೊಸೆ ಚಪ್ಪಲಿ ಬಿಟ್ಟು ಭತ್ತದೊಳಗೆ ಕಾಲೆಳೆಯುತ್ತ, “ಈಗ ಅತ್ತಿ? ಈಗ?” ಎಂದು ಕೇಳುತ್ತಿದ್ದಳು. “ಸುಮ್ನಿರು, ನೀನು ಮಾತಾಡಿದ್ರ ಭತ್ತ ಕೇಳಸೂದಿಲ್ಲ,” ಎನ್ನುತ್ತಿದ್ದರು ಅತ್ತೆ.

ಮೃದುಲಾ ವರದಿಯ ಮೊದಲ ಪುಟದಲ್ಲಿದ್ದ ಶೇಕಡಾ ಇಪ್ಪತ್ತೆಂಟರ ಸಂತೋಷದ ಸಂಗತಿಯನ್ನು ಕೊನೆಯ ಪುಟಕ್ಕೆ ಸರಿಸಿ, ಅದರ ಕೆಳಗೆ ಹೀಗೆ ಬರೆದಳು:

ಕಂಡುಬಂದ ಅಂಶ: ಫೆಬ್ರುವರಿ ನಾಲ್ಕರಿಂದ ಮಾರ್ಚ್ ಹದಿನಾರರವರೆಗೆ ಭಟ್ಟಿ ಓಣಿಯ ಬಿಸಿಲಿನಲ್ಲಾದ ಬದಲಾವಣೆಯನ್ನು ತಪ್ಪಿಲ್ಲದೆ ಗುರುತಿಸಿ, ಪ್ರತಿದಿನ ವರದಿ ಮಾಡಿದವರು ಒಬ್ಬರೇ: ಹೊನ್ನೂರಬೀ, ವಯಸ್ಸು ಎಂಬತ್ತೊಂದು. ಅವರಿಗೆ ಅರಳುಮರಳು ಇಲ್ಲ.