ಬೆಟ್ಟ ಇಳಿಯುವಷ್ಟರಲ್ಲಿ ಕಲಿತದ್ದು

ಬಹಳ ಹಿಂದೆ, ಹೊಳೆಗಳು ಮಾತಾಡುತ್ತಿದ್ದ ಕಾಲದಲ್ಲಿ, ನವಿಲುಗಡಿ ಎಂಬ ರಾಜ್ಯವಿತ್ತು. ಅಲ್ಲಿ ದ್ಯಾವಣ್ಣ ಎಂಬ ಅಂಬಿಗ, ಅವನ ಹೆಂಡತಿ ನಿಂಗವ್ವ, ಮಗಳು ಸಿರಿ ಸುಖವಾಗಿದ್ದರು. ಒಂದು ದಿನ ಮಾರ್ಜಾಲಕೇತು ಎಂಬ ಮಾಂತ್ರಿಕ ಬೆಟ್ಟದ ಮೇಲೆ ಕೋಟೆ ಕಟ್ಟಿ, "ನಿಮ್ಮ ಮಕ್ಕಳಿಗೆ ಅರವತ್ತನಾಲ್ಕು ವಿದ್ಯೆ ಕಲಿಸುತ್ತೇನೆ. ನೀವು ಕಲಿಸಿದ್ದನ್ನು ಮಾತ್ರ ನನಗೆ ಬಿಟ್ಟುಕೊಡಿ" ಎಂದು ಡಂಗುರ ಸಾರಿಸಿದ.

ದ್ಯಾವಣ್ಣ ಹೆಂಡತಿಯನ್ನು ಒಂದು ಮಾತು ಕೇಳಬಾರದೇ? ಕೇಳಲಿಲ್ಲ, ಪುಣ್ಯಾತ್ಮ! "ದೋಣಿಗೆ ಹುಟ್ಟು ಹಾಕೋನು ನಾನು, ಏನು ತಾನೇ ಕಲಿಸಿರ್ತೀನಿ ಸ್ವಾಮಿ? ಇದ್ದದ್ದೆಲ್ಲ ತಗೊಳ್ಳಿ" ಅಂದು, ಊರವರಂತೆ ತಾನೂ ಮಗಳನ್ನು ಕೋಟೆಗೆ ಒಪ್ಪಿಸಿಬಿಟ್ಟ.

ವರ್ಷ ಕಳೆದು ನೋಡಲು ಹೋದರೆ, ಸಿರಿ ನಕ್ಷತ್ರಗಳ ಹೆಸರನ್ನೆಲ್ಲ ಪಟಪಟ ಹೇಳಿದಳು. ಅಪ್ಪನ ಗುರುತು ಮಾತ್ರ ಹತ್ತಲಿಲ್ಲ. ಎಡವಿ ಬಿದ್ದ ಅವನನ್ನು ದಾಟಿಕೊಂಡೇ ಹೋದಳು. ದ್ಯಾವಣ್ಣ ಎದ್ದು ಮಾಂತ್ರಿಕನ ಬಳಿಗೆ ಓಡಿದ.

"ನನ್ನ ಮಗಳನ್ನ ನನಗೆ ಕೊಡು!"

ಮಾಂತ್ರಿಕ ಮೀಸೆ ತಿರುವಿದ. "ಕರಕೊಂಡು ಹೋಗು. ಬೆಟ್ಟ ಇಳಿಯುವಷ್ಟರಲ್ಲಿ ಅವಳು ನಿನ್ನನ್ನು 'ಅಪ್ಪಾ' ಅನ್ನಬೇಕು. ಅನ್ನದಿದ್ದರೆ ಎಂದೆಂದಿಗೂ ನನ್ನವಳು. ನೀನು ಹೇಳಿಕೊಡುವಂತಿಲ್ಲ."

"ಆಗಲಿ" ಅಂದ ದ್ಯಾವಣ್ಣ. ಹೊಳೆಯ ಸುಳಿಗೆ ಹೆದರದವನು ಈ ಬೆಕ್ಕಿನ ಮೀಸೆಗೆ ಹೆದರುತ್ತಾನೆಯೇ?

ಸ್ವಲ್ಪ ಇಳಿದಾಗ ಕಬ್ಬಿಣದ ಕೊಂಬಿನ ಕೋಣ ದಾರಿಗಡ್ಡ ನಿಂತು ಬುಸುಗುಟ್ಟಿತು. ಅದರ ಕಾಲಲ್ಲಿ ಮುಳ್ಳಿತ್ತು. "ತಾಳಪ್ಪಾ, ಒಂಚೂರು ನೋಯುತ್ತೆ" ಎಂದು ದ್ಯಾವಣ್ಣ ಮುಳ್ಳು ಕಿತ್ತ. ಕೋಣ ದಾರಿ ಬಿಟ್ಟಿತು. ಸಿರಿ ತಿರುಗಿ ನೋಡಿದಳು.

ಇನ್ನೂ ಇಳಿದಾಗ ಎರಡು ತಲೆಯ ಹುಲಿ ಹಸಿದು ಬಾಯಿ ತೆರೆಯಿತು. ದ್ಯಾವಣ್ಣನ ಬುತ್ತಿಯಲ್ಲಿದ್ದದ್ದು ಒಂದೇ ರೊಟ್ಟಿ. ಎರಡು ಬಾಯಿಗೆ ಎರಡು ಚೂರು, ಮಗಳಿಗೊಂದು ಚೂರು ಕೊಟ್ಟ. "ನಂಗೆ ಹಸಿವಿಲ್ಲ" ಅಂದ. ಹುಲಿ ದಾರಿ ಬಿಟ್ಟಿತು. ಸಿರಿ ಅವನ ಖಾಲಿ ಕೈಯನ್ನೇ ನೋಡಿದಳು. ಆದರೂ 'ಅಪ್ಪಾ' ಅನ್ನಲಿಲ್ಲ.

ಬೆಟ್ಟದ ಬುಡದ ಬಾಗಿಲಲ್ಲಿ ಏಳು ಹೆಡೆಯ ಹಾವು. "ಇವಳನ್ನು ಕೋಟೆಗೆ ಒಪ್ಪಿಸಿದವರು ಯಾರು? ಹೆಂಡತಿ ಅನ್ನು, ಬಾಗಿಲು ತೆಗೆಯುತ್ತೇನೆ. ನಾನೇ ಅಂದರೆ ಕಚ್ಚುತ್ತೇನೆ."

ದ್ಯಾವಣ್ಣ ಯೋಚಿಸಿದ. ಒಂದು ಸುಳ್ಳು, ಅಷ್ಟೇ ತಾನೇ? ನಿಂಗವ್ವನಿಗೇನು ಗೊತ್ತಾಗುತ್ತೆ? ಆದರೆ ಸಿರಿ ಅವನ ಮುಖವನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ನಾನೇ," ಅಂದ. "ಹೆಂಡ್ತೀನ ಒಂದು ಮಾತೂ ಕೇಳಲಿಲ್ಲ. ತಪ್ಪಾಯ್ತು ಕಣವ್ವ, ಮಗಳೇ."

ಏಳು ಹೆಡೆಯೂ ಎದ್ದವು. ಸಿರಿ ಛಂಗನೆ ನೆಗೆದು ಅವನ ಕೈ ಹಿಡಿದೆಳೆದಳು. "ನನ್ನ ಹಿಂದೆ ನಿಂತ್ಕೋ, ಅಪ್ಪಾ!"

ಅಷ್ಟೇ! ಹಾವು ಬರೀ ಹಗ್ಗವಾಗಿ ಬಿತ್ತು. ಕೋಟೆ ಉಪ್ಪಿನಂತೆ ಕರಗಿತು. ಮಾರ್ಜಾಲಕೇತು ಬೆಕ್ಕಾಗಿ ಮ್ಯಾಂವ್ ಎನ್ನುತ್ತ ಕಾಡಿಗೆ ಓಡಿದ. ಊರಿನ ಮಕ್ಕಳೆಲ್ಲ "ಅವ್ವಾ, ಅಪ್ಪಾ" ಎಂದು ಕೂಗುತ್ತ ಬೆಟ್ಟ ಇಳಿದರು.

ಮನೆಗೆ ಬಂದ ಸಿರಿಯನ್ನು ತಬ್ಬಿ ನಿಂಗವ್ವ ಅತ್ತೇ ಅತ್ತಳು. ಆಮೇಲೆ ಅಂಬಲಿ ಬಡಿಸಿದಳು. ಸಿರಿ ಸೊರ್ರೆಂದು ಹೀರಿ, ತೋಳಿಗೆ ಬಾಯಿ ಒರೆಸಿಕೊಂಡಳು.

"ಏನೇ ಇದು! ಇದನ್ನ ಯಾರು ಕಲಿಸಿದ್ದು?"

ತನ್ನ ಬಾಯಿ ಒರೆಸಲು ಆಗಲೇ ತೋಳೆತ್ತಿದ್ದ ದ್ಯಾವಣ್ಣ ಅದನ್ನು ಮೆಲ್ಲಗೆ ಕೆಳಗಿಳಿಸಿದ. ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆ ನಗು ಆ ಮನೆಯಲ್ಲಿ ಬಹುಕಾಲ ಉಳಿಯಿತು.